ಬಿಚ್ಚುವ ಕ್ರಮ

ಕಾರು ಹೋದ ಮೇಲೆ ಗ್ಯಾರೇಜಿನಲ್ಲಿ ಕಾರಿನಷ್ಟೇ ದೊಡ್ಡದೊಂದು ಖಾಲಿ ಉಳಿದಿತ್ತು. ಹೊರೇಸ್ ಅದರ ಸುತ್ತ ನಡೆದನೇ ಹೊರತು ಅದರೊಳಗೆ ಕಾಲಿಡಲಿಲ್ಲ. ಎರಡು ಚಳಿಗಾಲ ಹೊಟ್ಟೆಯನ್ನು ಒಳಗೆಳೆದುಕೊಂಡು ಗೋಡೆಗೂ ಕಾರಿಗೂ ನಡುವೆ ನುಸುಳಿದ ಮೈ, ಈಗ ಜಾಗ ಸಿಕ್ಕಿದರೂ ಗೋಡೆಯನ್ನೇ ಸವರಿಕೊಂಡು ಹೋಗುತ್ತಿತ್ತು. ಸಿಮೆಂಟಿನ ಮೇಲೆ ನಾಲ್ಕು ಚಕ್ರಗಳ ಗುರುತು, ನಡುವೆ ಹಳೆಯ ಎಣ್ಣೆಯ ಕಲೆ, ಮಗು ಮಲಗೆದ್ದ ಹಾಸಿಗೆಯ ಹಾಗೆ. ಹೊರಗೆ ಭಾನುವಾರ. ಇಗರ್ಜಿಯ ಗಂಟೆ ನಿಂತಿದ್ದರೂ ಅದರ ಗುಂಯ್ ಎನ್ನುವ ಸದ್ದು ಮಾತ್ರ ಇನ್ನೂ ಕವೆಂಟ್ರಿಯ ಮಾಡುಗಳ ಮೇಲೆ ಹಕ್ಕಿಯಂತೆ ಕೂತಿತ್ತು. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಮೊಳೆಗೆ ತೂಗುಹಾಕುತ್ತ, ಕೆಲಸ ಮುಗಿದವನ ನೆಮ್ಮದಿ ಎಲ್ಲಿ, ಯಾಕೆ ಇನ್ನೂ ಬರಲಿಲ್ಲ ಎಂದು ಕಾಯುತ್ತ, ಬೆಂಚಿನ ಮೇಲಿನ ಚಿಂದಿ ಬಟ್ಟೆಯನ್ನು ಎತ್ತಿದ. ಅದರ ಕೆಳಗೆ ತಂಬಾಕಿನ ಡಬ್ಬಿಯ ಮುಚ್ಚಳ. ಮುಚ್ಚಳದೊಳಗೆ ಒಂದು ಸ್ಪ್ಲಿಟ್ ಪಿನ್ನು. ಹೊಚ್ಚ ಹೊಸದು. ಅದರ ಎರಡು ಕಾಲುಗಳೂ ಒಂದಕ್ಕೊಂದು ಅಂಟಿಕೊಂಡು ನೆಟ್ಟಗಿದ್ದವು, ಯಾರೂ ಮಡಚಿರಲಿಲ್ಲ.

ಅದು ಎಲ್ಲಿಯದೆಂದು ಅವನಿಗೆ ತಕ್ಷಣ ಗೊತ್ತಾಯಿತು. ಸ್ಟೀರಿಂಗಿನ ಸರಳು ಬಲಗಡೆಯ ಮುಂಚಕ್ರಕ್ಕೆ ಸೇರುವಲ್ಲಿ ಒಂದು ನಟ್ಟಿದೆ. ನಟ್ಟಿನ ತಲೆಯಲ್ಲಿ ಕೋಟೆಯ ತೆನೆಗಳಂತೆ ಸೀಳುಗಳಿವೆ. ಸೀಳಿನಿಂದ ಬೋಲ್ಟಿನ ತೂತಿಗೆ ಈ ಪಿನ್ನನ್ನು ಹಾಯಿಸಿ, ಆಚೆ ಬಂದ ಕಾಲುಗಳನ್ನು ಅಗಲಿಸಿ ಮಡಚಬೇಕು. ಆಗ ಚಕ್ರ ಎಷ್ಟೇ ಕುಲುಕಿದರೂ ನಟ್ಟು ತಿರುಗುವುದಿಲ್ಲ. ಪಿನ್ನಿಲ್ಲದಿದ್ದರೆ ತಿರುಗುತ್ತದೆ, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು, ಕೊನೆಗೊಮ್ಮೆ ಕಳಚಿ ಬೀಳುತ್ತದೆ, ಮತ್ತು ಸ್ಟೀರಿಂಗ್ ಹಿಡಿದವನ ಕೈಯಲ್ಲಿ ಬರೀ ಒಂದು ಬಳೆ ಉಳಿಯುತ್ತದೆ. ಮೊದಲು ಅವನಿಗಾದದ್ದು ಭಯವಲ್ಲ. ಇದನ್ನು ಅವನು ದಿನವಿಡೀ ಮರೆಯಲು ಹೆಣಗಿದ. ಮೊದಲು ಆದದ್ದು ಒಂದು ಗುಟುಕು ಬ್ರಾಂದಿ ಇಳಿದ ಹಾಗೆ ಎದೆಯಲ್ಲಿ ಸಣ್ಣ ಬಿಸಿ: ಕಾರು ಓಡಿಸುತ್ತಿರುವ ಕ್ಲೈವನಿಗೆ ಈಗ ಗೊತ್ತಾಗುತ್ತದೆ. ಆಮೇಲೆ ಪಕ್ಕದ ಸೀಟು ನೆನಪಾಯಿತು. ಸೀಟಿನಲ್ಲಿ ಕೆಂಪು ಉಣ್ಣೆಯ ಟೋಪಿ, ಟೋಪಿಯ ಕೆಳಗೆ ಮಗಳು ಹೇಜಲ್‌ಳ ಕಿವಿ.

"ಚಹಾ," ಎಂದಳು ಹೆಂಡತಿ ಐವಿ ಬಾಗಿಲಲ್ಲಿ. ಅವನು ಮುಷ್ಟಿ ಮುಚ್ಚಿದ. ಅವಳು ಕಪ್ಪನ್ನು ಬೆಂಚಿನ ತುದಿಯಲ್ಲಿಟ್ಟು ಅವನ ಕೈಯನ್ನು ನೋಡಿದಳೋ, ಕೈಯಾಚೆಯ ಕಿಟಕಿಯನ್ನೋ. ಎಡಗಡೆಯ ಕೂದಲು ಕಿವಿಯ ಹಿಂದೆ ನಿಲ್ಲದೆ ಕೆನ್ನೆಗೆ ಜಾರಿತ್ತು. ಊದಿ ಹಿಂದೆ ಸರಿಸಿದಳು, ಅದು ಮತ್ತೆ ಜಾರಿತು. "ಏನಾದ್ರೂ ಕಳ್ಕೊಂಡ್ಯಾ?"

"ಇಲ್ಲ. ಎಲ್ಲಾ ಇಲ್ಲೇ ಇದೆ."

"ಸರಿ ಹಾಗಾದ್ರೆ," ಎಂದಳು. ಹೋಗಲಿಲ್ಲ; ಆ ಖಾಲಿ ಜಾಗದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋದಳು. ಅವಳ ಏಪ್ರನ್ನಿನ ಮೊಣಕಾಲಿನ ಹತ್ತಿರ ಕಪ್ಪು ಕಲೆಯಿತ್ತು. ಇದ್ದಿಲ ಗೂಡಿನದಿರಬೇಕು, ಭಾನುವಾರವೂ ಇವಳಿಗೆ ಬಟ್ಟೆಯ ಮೇಲೆ ಗಮನವಿಲ್ಲ ಎಂದುಕೊಂಡ. ಹಾಗೆ ಬೇಜಾರುಮಾಡಿಕೊಳ್ಳಲು ಏನೋ ಒಂದು ಸಿಕ್ಕಿದ್ದು ಹಾಯೆನಿಸಿತು.

ಗೋಡೆಯ ಮೊಳೆಯಲ್ಲಿ ಆ ಹಾಳೆಗಳು ತೂಗುತ್ತಿದ್ದವು. ಕಾರನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಕಳಿಸುವ ಕಂಪನಿಯವರು ಜೋಡಿಸುವುದು ಹೇಗೆಂದು ಬರೆದುಕೊಡುವಂತಿರಲಿಲ್ಲ. ಕೊಟ್ಟರೆ ಸರ್ಕಾರದ ಕಣ್ಣಿಗೆ ಅದು ಇಡೀ ಕಾರು, ತೆರಿಗೆಯೂ ಇಡೀ ಕಾರಿನದು. ಅದಕ್ಕೆ ಅವರು ಬಿಚ್ಚುವುದು ಹೇಗೆಂದು ಬರೆದು ಕಳಿಸುತ್ತಿದ್ದರು. ಮೊದಲ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಬಿಚ್ಚುವ ಕ್ರಮ'. ಕಟ್ಟುವವನು ಕೊನೆಯ ಹಾಳೆಯ ಕೊನೆಯ ಸಾಲಿನಿಂದ ಹಿಡಿದು ಮೇಲುಮೇಲಕ್ಕೆ ಓದಬೇಕು: ಕಳಚಿ ಎಂದಿದ್ದರೆ ಸಿಕ್ಕಿಸು, ಸಡಿಲಿಸಿ ಎಂದಿದ್ದರೆ ಬಿಗಿಮಾಡು. ಇಗರ್ಜಿಯನ್ನು ಅಪ್ರದಕ್ಷಿಣೆ ಸುತ್ತಬೇಡವೋ, ಸುತ್ತಿದರೆ ಆಚೆಲೋಕದವನು ಬಂದು ಜೊತೆಗೆ ಹೆಜ್ಜೆ ಹಾಕುತ್ತಾನೆ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಅವನು ಪ್ರತಿ ಸಂಜೆ ಆ ಹಾಳೆಯ ಕೆಳಗಿನ ಸಾಲಿಗೆ ಬೆರಳಿಟ್ಟಾಗಲೆಲ್ಲ ಅಜ್ಜಿಯ ಹಲ್ಲಿಲ್ಲದ ಬಾಯಿ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಆದರೂ ಕಾರು ಬೆಳೆಯಿತು. ಚೌಕಟ್ಟಿಗೆ ಎಂಜಿನ್ನು ಬಂತು, ಎಂಜಿನ್ನಿನ ಮೇಲೆ ಹಸಿರು ಮೈ ಬಂತು. ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಮಹಡಿಯ ಮೇಲೆ ಕೂತು, ಕೆಳಗೆ ಬೇರೆಯವರು ಕಟ್ಟಿದ ಕಾರುಗಳಿಗೆ ಚೀಟಿ ಬರೆದ ಕೈ ಇದು ಎಂದು ಅವನಿಗೇ ನಂಬಿಕೆಯಾಗುತ್ತಿರಲಿಲ್ಲ.

ಕ್ಲೈವನೂ ನಂಬಿರಲಿಲ್ಲ. ಐವಿಯ ತಮ್ಮ, ಅದೇ ಕಾರ್ಖಾನೆಯ ಕೆಳಗಿನ ಸಾಲಿನಲ್ಲಿ, ಬೆಲ್ಟಿನ ಮೇಲೆ ಬರುವ ಕಾರುಗಳಿಗೆ ಬಾಗಿಲು ಕೂರಿಸುವವನು. ಬಂದಾಗಲೆಲ್ಲ ಗ್ಯಾರೇಜಿನ ಕಂಬಕ್ಕೆ ಒರಗಿ ಸಿಗರೇಟು ಹಚ್ಚುತ್ತಿದ್ದ. "ಭಾವಾ, ನಾವು ಒಂದು ಪಾಳಿಯಲ್ಲಿ ಮುನ್ನೂರು ಹೊರಗೆ ತಳ್ತೀವಿ. ನಿಂದು ಒಂದು ಹುಟ್ಟೋದ್ರೊಳಗೆ ಹೇಜಲ್ ಮದುವೆಗೆ ಬರ್ತಾಳೆ." "ಹುಟ್ಟಿದ್ರೆ ಹೆಸರೇನಿಡ್ತೀಯ? ಪೆನ್ಸಿಲ್ ಅಂತಿಡು." ಹೇಜಲ್ ಬಿದ್ದು ಬಿದ್ದು ನಗುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ವೈದ್ಯರೂ ಕೈಬಿಟ್ಟ ಮೇಲೆ ಹುಟ್ಟಿದವಳು. ಅವಳು ನಕ್ಕರೆ ಯಾರ ಮೇಲೆ ನಗುತ್ತಿದ್ದಾಳೆ ಎಂದು ಲೆಕ್ಕವಿಡುವವರು ಆ ಮನೆಯಲ್ಲಿರಲಿಲ್ಲ. ಹೊರೇಸನೂ ನಗುತ್ತಿದ್ದ, ನಗುವಾಗ ಕೈಯಲ್ಲಿದ್ದ ಸ್ಪ್ಯಾನರು ಒಂದು ಸುತ್ತು ಹೆಚ್ಚೇ ತಿರುಗುತ್ತಿತ್ತು.

ನಿನ್ನೆ ಮಧ್ಯಾಹ್ನ ಕೊನೆಯ, ಅಂದರೆ ಮೊದಲ, ಹಾಳೆಯಲ್ಲಿದ್ದ. ಎಡಗಡೆಯ ಪಿನ್ನು ಹಾಕಿ ಕಾಲು ಮಡಚಿದ. ಬಲಗಡೆಯದನ್ನು ಮುಚ್ಚಳದಲ್ಲಿಟ್ಟುಕೊಂಡ. ಅಷ್ಟರಲ್ಲಿ ಕ್ಲೈವ್ ಒಳಗೆ ಬಂದು, "ಉಸಿರಿದೆಯೋ ಇಲ್ವೋ ನೋಡೇಬಿಡೋಣ" ಎಂದು ಕೀಲಿ ತಿರುಗಿಸಿದ್ದ. ಎಂಜಿನ್ನು ಕೆಮ್ಮಿತು, ಮತ್ತೆ ಕೆಮ್ಮಿತು, ಒಮ್ಮೆಲೇ ಹಿಡಿದುಕೊಂಡು ಗುಡುಗಿತು. ಬೀದಿಯವರೆಲ್ಲ ಬಂದರು. ಪಕ್ಕದ ಮನೆಯ ಮುದುಕ ಪಾರ್ಜಿಟರ್ ಟೋಪಿ ತೆಗೆದ. ಐವಿ ಮದುವೆಯ ಕಪ್ಪುಗಳಲ್ಲಿ ಚಹಾ ತಂದಳು. ಚಪ್ಪಾಳೆ. ಚಪ್ಪಾಳೆಯಾದ ಮೇಲೆ ಯಾರಾದರೂ ಹಾಳೆ ನೋಡುತ್ತಾರೆಯೇ? ಉಸಿರಾಡುತ್ತಿರುವ ಜೀವಕ್ಕೆ ಇನ್ನೂ ಒಂದು ಸಾಲು ಬಾಕಿಯಿದೆ ಎಂದು ಯಾರಿಗೆ ಹೊಳೆಯುತ್ತದೆ? ಅಜ್ಜಿಯ ಕಥೆಯಲ್ಲೊಬ್ಬ ದೈತ್ಯನಿದ್ದ. ಅವನ ಹೃದಯ ಅವನ ಮೈಯಲ್ಲಿರಲಿಲ್ಲ. ಸರೋವರದ ನಡುವಿನ ದ್ವೀಪದ ಬಾವಿಯಲ್ಲಿ ಈಜುವ ಬಾತುಕೋಳಿಯ ಹೊಟ್ಟೆಯ ಮೊಟ್ಟೆಯಲ್ಲಿತ್ತು. ಮಲಗುವ ಮುಂಚೆ ಚಿಕ್ಕ ಹೊರೇಸ್ ಕೇಳುತ್ತಿದ್ದ: ಹೃದಯ ಅಷ್ಟು ದೂರ ಇದ್ದರೆ ಅವನಿಗೆ ನೋವಾಗುತ್ತಿರಲಿಲ್ಲವೇ, ಅಜ್ಜಿ? ಇಲ್ಲ ಮಗಾ, ಅದಕ್ಕೇ ಅವನು ದೈತ್ಯ.

ಈಗ ಮೊಟ್ಟೆ ಅವನ ಮುಷ್ಟಿಯಲ್ಲಿತ್ತು. ದೈತ್ಯ ಗುಡ್ಡ ಹತ್ತುತ್ತಿದ್ದ.

ಬೆಳಿಗ್ಗೆ "ಅಮ್ಮನಿಗೆ ತೋರಿಸಿಕೊಂಡು ಬರ್ತೀನಿ ಭಾವಾ, ಒಂದೇ ಸಲ" ಎಂದು ಕ್ಲೈವ್ ಕೇಳಿದಾಗ, ಮೊದಲ ಸವಾರಿ ನನ್ನದು ಎಂಬ ಮೂರು ಶಬ್ದ ಹೊರೇಸನ ಬಾಯಲ್ಲಿ ಒದ್ದೆಯಾಗಿಯೇ ಉಳಿದಿತ್ತು. ಮಾಡಿಲ್ಲದ ತೆರೆದ ಕಾರು, ಇದ್ದದ್ದು ಎರಡೇ ಸೀಟು. "ನಾನು ಮಾಮನ ಜೊತೆ!" ಎಂದು ಹೇಜಲ್ ಅಪ್ಪನನ್ನು ತಿರುಗಿಯೂ ನೋಡದೆ ಜಿಗಿದಿದ್ದಳು. ಅವನು ಅವಳ ಟೋಪಿ ಹುಡುಕಲು ಮಹಡಿಗೆ ಹೋದ. ಕ್ಲೈವ್ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ. "ಸೀಟು ಒರೆಸಿ ಬರ್ತೀನಿ" ಎಂದು ಐವಿ ಗ್ಯಾರೇಜಿಗೆ ಹೋಗಿದ್ದಳು. ಟೋಪಿ ಮಂಚದ ಕೆಳಗೆ ಸಿಕ್ಕಿತು. ಮಗಳ ತಲೆಗೆ ಅದನ್ನು ಎಳೆದು ಕೂರಿಸಿದವನು ತಾನೇ. ಕಿವಿ ಮುಚ್ಚಿದ್ದನ್ನು ಎರಡು ಸಲ ನೋಡಿದ್ದ. ಕಿವಿಗೆ ಗಾಳಿ ತಗಲದಿರಲೆಂದು.

ಅತ್ತೆಯ ಊರು ಗುಡ್ಡದ ನೆತ್ತಿಯ ಮೇಲೆ. ಹೋಗುವಾಗ ಏರು, ಏರಿನಲ್ಲಿ ಕಾರು ನಿಧಾನ. ಏನಾದರೂ ಆದರೂ ಬೇಲಿಗೆ ಮೂತಿ ತಾಗಿಸಿ ನಿಲ್ಲಬಹುದು. ಬರುವಾಗ ಇಳಿಜಾರು. ಹಾವಿನ ಹಾಗೆ ಮೂರು ತಿರುವು, ಒಂದು ಪಕ್ಕ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಬರೀ ಆಕಾಶ. ಅತ್ತೆಯ ಮನೆಯೆದುರಿನ ಪಬ್ಬಿನಲ್ಲಿ ಫೋನಿತ್ತು. ನಂಬರನ್ನು ಐವಿ ಸೀಮೆಸುಣ್ಣದಲ್ಲಿ ಉಗ್ರಾಣದ ಬಾಗಿಲ ಒಳಗೆ ಬರೆದಿದ್ದಳು. ಒಂದು ಕರೆ: ಕ್ಲೈವ್, ಹೊರಡಬೇಡ, ಬಲಗಡೆ ಮುಂಚಕ್ರ ನೋಡು. ಅಷ್ಟೇ. ಆದರೆ ಕರೆ ಮಾಡುವ ಮೊದಲೇ ಅವನ ತಲೆಯೊಳಗೆ ಆ ಕಡೆಯ ನಗು ಕೇಳಿಸಿತು. ಭಾನುವಾರದ ತುಂಬಿದ ಪಬ್ಬು, ಕ್ಲೈವ್ ಫೋನನ್ನು ಎದೆಗೊತ್ತಿ ಎಲ್ಲರ ಕಡೆ ತಿರುಗಿ, "ಕೇಳ್ರಪ್ಪಾ! ನಮ್ಮ ಭಾವ ಚಕ್ರ ಸಿಕ್ಸೋದು ಮರ್ತಿದಾರಂತೆ!" ಸೋಮವಾರ ಕೆಳಗಿನ ಸಾಲಿನುದ್ದಕ್ಕೂ ಅದು ಬೆಲ್ಟಿನ ಮೇಲೆ ಹರಿದು ಬರುತ್ತದೆ. ಮಂಗಳವಾರ ಮಹಡಿ ಹತ್ತುತ್ತದೆ. ಹೇಜಲ್ ಬೆಳೆದು ದೊಡ್ಡವಳಾಗಿ ತನ್ನ ಮಕ್ಕಳಿಗೆ ಹೇಳುತ್ತಾಳೆ.

ನಟ್ಟನ್ನು ಬಿಗಿಯಾಗೇ ಹಾಕಿದ್ದೇನೆ ಎಂದುಕೊಂಡ. ಭುಜ ನೋಯುವಷ್ಟು. ಹಾಕಿದ್ದೆನೇ? ನೋವು ನೆನಪಿತ್ತು, ಆದರೆ ಅದು ಎಡಗಡೆಯದ್ದಿರಬಹುದು. ಒಂದೇ ದಿನಕ್ಕೆ ಯಾವ ನಟ್ಟೂ ಬಿಚ್ಚಿಕೊಳ್ಳುವುದಿಲ್ಲ, ವಾರಗಟ್ಟಲೆ ಬೇಕು. ಬೇಕೇ? ಮತ್ತೆ ಪಿನ್ನು ಯಾಕೆ ಕಂಡುಹಿಡಿದರು?

ಒಂದು ಗಂಟೆಗೆ ಊಟ. ಹುರಿದ ದನದ ಮಾಂಸ, ಆಲೂಗಡ್ಡೆ, ಕೋಸು. ಇನ್ನಿಬ್ಬರ ತಟ್ಟೆ ಮೇಜಿನ ಮೇಲಿರಲಿಲ್ಲ. ಅವರ ಊಟ ಅಜ್ಜಿಮನೆಯಲ್ಲಿ. ಇಬ್ಬರೇ ಕೂತರೆ ಆ ಮೇಜು ಎಷ್ಟು ಉದ್ದ ಎಂದು ಅವನು ಮರೆತಿದ್ದ. ಉಗ್ರಾಣದಿಂದ ಸಾಸಿವೆಯ ಶೀಷೆ ತರಲು ತಾನೇ ಎದ್ದು ಹೋಗಿ, ಬಾಗಿಲನ್ನು ಅರ್ಧ ಮುಚ್ಚಿಕೊಂಡು, ಸುಣ್ಣದ ಅಂಕೆಗಳನ್ನು ತುಟಿಯಲ್ಲೇ ಓದಿಕೊಂಡ. ತಿರುಗಿದರೆ ಐವಿ ಫೋರ್ಕನ್ನು ಎತ್ತಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಮತ್ತೆ ಕೂದಲು ಕೆನ್ನೆಗೆ ಬಿದ್ದಿತ್ತು. ಬೆಳಗಿನಿಂದ ಅದೊಂದು ಎಳೆ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ಸಿಕ್ಕಿಸಿಕೊಳ್ಳಬಾರದೇ ಇವಳು? ಒಂದು ಸಣ್ಣ ಕೆಲಸವನ್ನು ಪೂರ್ತಿ ಮಾಡಲು ಬರುವುದಿಲ್ಲವೇ?

"ಸಾಸಿವೆ ಸಿಕ್ತಾ?"

"ಸಿಕ್ತು."

"ನೀನು ಸಾಸಿವೆ ತಿನ್ನೋದು ನಾನು ನೋಡೇ ಇಲ್ಲ."

"ಇವತ್ತು ಅನಿಸ್ತು."

ಅವಳು ಮಾಂಸ ಕತ್ತರಿಸಿದಳು, ತಿನ್ನಲಿಲ್ಲ. "ಹೊರೇಸ್, ನಂಗೇನಾದ್ರೂ ಹೇಳೋದಿದೆಯಾ?"

ಬಾಯಿ ತೆರೆದ. ಹೇಳಲೆಂದೇ ತೆರೆದದ್ದು, ಇದನ್ನು ಅವನು ಆಣೆಯಿಟ್ಟು ಹೇಳಬಲ್ಲ. ನಾಲಿಗೆಯ ಮೇಲೆ ಶಬ್ದಗಳು ಸಾಲಾಗಿಯೂ ನಿಂತಿದ್ದವು. ಆದರೆ ಅವಳ ಮುಖ ನೋಡಿದ. ಮದುವೆಯ ಹದಿನಾಲ್ಕು ವರ್ಷ ಖಾಲಿ ತೊಟ್ಟಿಲ ಕೋಣೆಯ ಬಾಗಿಲು ಮುಚ್ಚಿಕೊಂಡೇ ಓಡಾಡಿದ ಮುಖ. ಇವಳಿಗೆ ಹೇಳುವುದೆಂದರೆ, ನಿನ್ನ ಮಗುವನ್ನು ನಾನು ಟೋಪಿ ಹಾಕಿ ಕೂರಿಸಿ ಕಳಿಸಿದೆ ಎಂದು ಹೇಳುವುದು.

"ಗ್ರೇವಿಗೆ ಉಪ್ಪು ಸ್ವಲ್ಪ ಕಡಿಮೆ," ಎಂದ.

ಐವಿ ಉಪ್ಪಿನ ಬಟ್ಟಲನ್ನು ಮೇಜಿನ ಮೇಲೆ ಅವನ ಕಡೆ ತಳ್ಳಿದಳು. ಅದು ಮರದ ಮೇಲೆ ಕರಕರ ಸದ್ದುಮಾಡುತ್ತ ಬಂತು, ಬಹಳ ದೂರದಿಂದ ಬಂದ ಹಾಗೆ.

ತಂಬಾಕು ತರುತ್ತೇನೆಂದು ಹೇಳಿ ಹೊರಟ. ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಬೇಲಿಯಾಚೆಯಿಂದ ಪಾರ್ಜಿಟರ್ ಕೂಗಿದ, "ಎಲ್ಲಪ್ಪಾ ನಿನ್ನ ಕುದುರೆ? ಹೋಗೋದು ನೋಡಿದೆ. ಸ್ವಂತ ಕೈಯಲ್ಲಿ ಕಟ್ಟಿದ್ದು ಅಂದ್ರೆ ಅದರ ನಡಿಗೇನೇ ಬೇರೆ!" ಹೊರೇಸ್ ಕೈಯೆತ್ತಿದ. ಎತ್ತಿದ್ದು ಪಿನ್ನಿದ್ದ ಕೈ. ಜೇಬಿಗಿಳಿಸಿದ. ಬೀದಿಯ ಕೊನೆಯಲ್ಲಿ, ಫೋನಿನ ಕೆಂಪು ಗೂಡಿನೊಳಗೆ ಅದೇ ಬೀದಿಯ ಟ್ರಾಟರ್ ಮೇಡಂ ನಿಂತು ಬೆನ್ನು ಕುಲುಕಿಸಿ ನಗುತ್ತ ಮಾತಾಡುತ್ತಿದ್ದಳು. ಅವನನ್ನು ಕಂಡು ಗಾಜಿನಾಚೆಯಿಂದ ಎರಡು ಬೆರಳೆತ್ತಿದಳು, ಇನ್ನೆರಡೇ ನಿಮಿಷ. ಅವನಿಗೆ ಎಷ್ಟು ಹಾಯೆನಿಸಿತೆಂದರೆ ಅವಳನ್ನು ತಬ್ಬಿಕೊಳ್ಳಬಹುದಿತ್ತು. ಮಾತಾಡಲಿ. ಸಂಜೆಯ ತನಕ ಮಾತಾಡಲಿ. ಅವಳ ಉಸಿರಿಗೆ ಗಾಜು ಮಸುಕಾಗುತ್ತಿತ್ತು. ಆ ಮಸುಕಿನೊಳಗೆ ಒಂದು ಹಸಿರು ಕಾರು ಮೊದಲ ತಿರುವಿಗೆ ಬರುತ್ತಿತ್ತು. ಆಮೇಲೆ ಆಕೆ ಹೊರಗೆ ಬಂದು, ಭಾರದ ಬಾಗಿಲನ್ನು ಸೊಂಟದಿಂದ ಒತ್ತಿ ಅವನಿಗಾಗಿ ತೆರೆದು ಹಿಡಿದಳು.

"ಬನ್ನಿ ಬನ್ನಿ, ನನ್ನ ತಂಗಿ ಜೊತೆ ಮಾತಾಡಿ ಮಾತಾಡಿ ಕಿವಿ ಹಿಡಿಕೆ ಬೆಚ್ಚಗೆ ಮಾಡಿಟ್ಟಿದ್ದೀನಿ. ಯಾರಿಗೆ, ಪ್ರೇಯಸಿಗಾ?"

"ಅತ್ತೆಗೆ."

"ಅಯ್ಯೋ ಪಾಪ," ಎಂದು ನಗುತ್ತ ಹೋದಳು.

ಒಳಗೆ ಅವಳ ಪೌಡರಿನ ವಾಸನೆ. ಹಿಡಿಕೆ ನಿಜವಾಗಿಯೂ ಬೆಚ್ಚಗಿತ್ತು. ಕಿವಿಗಿಟ್ಟುಕೊಂಡ. ಒಳಗಿನಿಂದ ಒಂದೇ ಸಮನೆ ಗುಂಯ್‌ಗುಡುವ ಸದ್ದು, ಯಾರೋ ಬಾಯಿ ಮುಚ್ಚಿಕೊಂಡು ಅವನ ಮಾತಿಗೆ ಕಾಯುತ್ತಿದ್ದ ಹಾಗೆ. ಮೊದಲ ಅಂಕೆ ತಿರುಗಿಸಿದ. ಎರಡನೆಯದು. ಬೆರಳು ಮೂರನೆಯದರಲ್ಲಿ ನಿಂತಿತು. ಎಷ್ಟು ಹೊತ್ತಾಯಿತೋ. ಅವರು ಈಗಾಗಲೇ ಹೊರಟಿರುತ್ತಾರೆ ಎಂಬ ಮಾತು ಎಲ್ಲಿಂದಲೋ ಮೆಲ್ಲನೆ ಬಂದು ಅವನ ಪಕ್ಕ ನಿಂತಿತು. ಹೌದು, ಹೊರಟಿರುತ್ತಾರೆ. ಹೊರಟವರಿಗೆ ಫೋನು ಹೇಗೆ ಮುಟ್ಟುತ್ತದೆ? ಈಗ ಕರೆದರೆ ಮುದುಕಿ ಅತ್ತೆಗೆ ಎದೆಯೊಡೆಯುತ್ತದೆ, ಅಷ್ಟೇ ಲಾಭ. ತಡವಾಯಿತು. ಆ ಒಂದು ಶಬ್ದ ಬೆಚ್ಚನೆಯ ಕಂಬಳಿಯ ಹಾಗೆ ಭುಜದ ಮೇಲೆ ಬಿತ್ತು. ಹಿಡಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ, ಗೂಡಿನೊಳಗೇ ಸ್ವಲ್ಪ ಹೊತ್ತು ನಿಂತ. ಯಾರಾದರೂ ನೋಡಿದರೆ ಮಾತಾಡಿ ಮುಗಿಸಿದವನ ಹಾಗೆ ಕಾಣಬೇಕಲ್ಲ. ಮನೆಯ ಕಡೆ ತಿರುಗಿದಾಗ ಮಹಡಿಯ ಕಿಟಕಿಯಲ್ಲಿ ಪರದೆ ಅಲುಗಿತೋ, ಗಾಳಿಯೋ.

ಉಳಿದ ಮಧ್ಯಾಹ್ನವನ್ನು ಅವನು ಕಿವಿಯಾಗಿ ಕಳೆದ. ಬೀದಿಯಲ್ಲಿ ಹೋದ ಪ್ರತಿ ಸದ್ದೂ ಅವನೊಳಗೆ ಹೊಕ್ಕು ಅಲ್ಲಲ್ಲ ಎಂದು ಹೊರಟುಹೋಯಿತು. ಐವಿ ಇಸ್ತ್ರಿ ಮಾಡುತ್ತಿದ್ದಳು. ಹೇಜಲ್‌ಳ ಶಾಲೆಯ ಅಂಗಿಯನ್ನು ಒಂದೇ ಕಡೆ ಮತ್ತೆ ಮತ್ತೆ ತಿಕ್ಕುತ್ತಿದ್ದಳು. ಪೊಲೀಸರು ಮನೆಗೆ ಬಂದು ಹೇಳುವಾಗ ಟೋಪಿ ತೆಗೆಯುತ್ತಾರೆ ಎಂದು ಎಲ್ಲೋ ಕೇಳಿದ್ದು ನೆನಪಾಯಿತು. ನಿನ್ನೆ ಪಾರ್ಜಿಟರ್ ತೆಗೆದಿದ್ದನಲ್ಲ, ಕಾರಿಗೆ.

ಬೆಳಕು ಹಳದಿಗೆ ತಿರುಗುವ ಹೊತ್ತಿಗೆ ಬೀದಿಯ ತುದಿಯಲ್ಲಿ ಆ ಗುಡುಗು ಕೇಳಿಸಿತು. ಬೇರೆ ಯಾವ ಎಂಜಿನ್ನೂ ಹಾಗೆ ಕೆಮ್ಮುವುದಿಲ್ಲ. ಐವಿಯೇ ಹೋಗಿ ಬಾಗಿಲು ತೆರೆದಳು.

"ಬೆಣ್ಣೆ ಭಾವಾ, ಬೆಣ್ಣೆ!" ಎಂದ ಕ್ಲೈವ್ ಸವಾರಿಯ ಗಾಳಿಗನ್ನಡಕವನ್ನು ಹಣೆಗೇರಿಸುತ್ತ. ಧೂಳು ಮೆತ್ತಿದ ಮುಖದಲ್ಲಿ ಕಣ್ಣಿನ ಸುತ್ತ ಎರಡು ಬಿಳಿ ಉಂಗುರ. "ಇಳಿಜಾರಲ್ಲಿ ಬಿಟ್ಟೆ ನೋಡು, ಹೇಜಲ್ ಕಿರುಚಿದ್ದು ಮೂರು ಊರಿಗೆ ಕೇಳಿಸ್ತು. ತಪ್ಪಾಯ್ತು, ಪೆನ್ಸಿಲ್ ಅಂದಿದ್ದು ವಾಪಸ್ ತಗೊಂಡೆ. ನಮ್ಮ ಸಾಲಲ್ಲಿ ಇಂಥದ್ದೊಂದು ಬರಲ್ಲ." ಅವನು ಹೊರೇಸನ ಬೆನ್ನಿಗೆ ಗುದ್ದಿದ, ಪ್ರೀತಿಯಿಂದಲೇ. ಎರಡು ವರ್ಷ ಕಾದ ಮಾತು ಇದು. ಬಂದು ಬೆನ್ನಿಗೆ ತಗುಲಿ ಕೆಳಗೆ ಬಿತ್ತು.

"ಅಪ್ಪಾ, ನಾವು ಹಾರಿದ್ವಿ!" ಎಂದಳು ಹೇಜಲ್. ಮಡಿಲ ತುಂಬ ಅಜ್ಜಿಮನೆಯ ಸೇಬು. ಟೋಪಿ ಎಲ್ಲೋ ಹಾರಿಹೋಗಿತ್ತು. ಕಿವಿಗಳು ತಣ್ಣಗೆ ಕೆಂಪಾಗಿದ್ದವು. ಅವನು ಅವನ್ನು ಮುಟ್ಟಿ ನೋಡಿದ. ಮುಟ್ಟಿದ ಬೆರಳನ್ನು ಐವಿ ನೋಡಿದಳು.

ಕ್ಲೈವ್ ಹೋದ ಮೇಲೆ ಕಾರನ್ನು ಒಳಗೆ ತಳ್ಳಿ, "ಎಣ್ಣೆ ಸೋರ್ತಿದೆಯಾ ನೋಡ್ತೀನಿ" ಎಂದು ದೀಪ ಹಿಡಿದು ಬೆನ್ನ ಮೇಲೆ ಕೆಳಗೆ ನುಸುಳಿದ. ಇನ್ನೂ ಬಿಸಿಯಿತ್ತು ಅದರ ಹೊಟ್ಟೆ. ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಹಾಕಿಬಿಟ್ಟರೆ ಆಯಿತು. ಪಿನ್ನಿನ ಕಾಲು ಮಡಚಿದರೆ ಈ ದಿನವೇ ಇರಲಿಲ್ಲವೆಂದಾಯಿತು. ದೀಪವನ್ನು ಬಲಗಡೆಯ ಚಕ್ರಕ್ಕೆ ಹಿಡಿದ. ನಟ್ಟಿನ ಸೀಳಿನಲ್ಲಿ ಏನೋ ಮಿನುಗಿತು. ಯಾವುದೋ ತಂತಿ. ಬೋಲ್ಟಿನ ತೂತಿನಿಂದ ಹಾದು ಆಚೆ ಬಂದು, ನಟ್ಟಿಗೆ ಅಪ್ಪಿಕೊಂಡು ಎರಡು ಸುತ್ತು ಮಡಚಿಕೊಂಡಿತ್ತು. ಕಪ್ಪು ತಂತಿ, ಒಂದು ಕಾಲು ನೇರ, ಇನ್ನೊಂದು ಕಾಲು ಅಲೆಅಲೆ. ಅಲೆಯ ನಡುವೆ ಒಂದು ಉದ್ದನೆಯ, ಬೂದು ಬಣ್ಣದ ಕೂದಲು ಸಿಕ್ಕಿಕೊಂಡು, ದೀಪದ ಬಿಸಿಗೆ ಸಣ್ಣಗೆ ನಡುಗುತ್ತಿತ್ತು.

ಬಹಳ ಹೊತ್ತು ಅದನ್ನೇ ನೋಡುತ್ತ ಮಲಗಿದ್ದ. ಕೆನ್ನೆಗೆ ಬೀಳುತ್ತಿದ್ದ ಎಳೆ. ಮೊಣಕಾಲಿನ ಕಪ್ಪು. ಸೀಟು ಒರೆಸಿ ಬರ್ತೀನಿ. ಚಪ್ಪಲಿಯ ಸದ್ದು ಬಂತು. ಕಾರಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಅವಳ ಎರಡು ಪಾದಗಳು ನಿಂತವು.

"ನಿಂಗೆ ಗೊತ್ತಿತ್ತು," ಎಂದ ಕಾರಿನ ಹೊಟ್ಟೆಗೆ.

"ಮೊದಲನೇ ಸಾಲೇ ಅದು, ಹೊರೇಸ್. ನಾನು ಮೇಲಿಂದಲೇ ಓದೋದು. ಪಿನ್ನು ತೆಗೀರಿ ಅಂತಿತ್ತು. ಬಗ್ಗಿ ನೋಡಿದ್ರೆ ಪಿನ್ನೇ ಇಲ್ಲ."

"ಹೇಳಬಹುದಿತ್ತಲ್ಲ."

"ಕ್ಲೈವನ ಎದುರಿಗಾ? ಒಂದು ವರ್ಷ ಅದನ್ನೇ ಹಾಡ್ತಿದ್ದ." ಪಾದಗಳು ಸ್ವಲ್ಪ ಸರಿದವು. "ಮರೆತಿದ್ದೀಯ ಅಂತ ಬೇಜಾರಿಲ್ಲ. ಯಾರು ಮರೆಯಲ್ಲ? ಅವರು ಹೋದ ಮೇಲೆ ಹೇಳೋಣ ಅಂತಲೇ ಚಹಾ ತಂದೆ. ಪಿನ್ನು ನಿನ್ನ ಕೈಯಲ್ಲಿತ್ತು. ಈಗ ಕೂಗ್ತಾನೆ, ಓಡ್ತಾನೆ, ಆಗ ಹೇಳಿದ್ರಾಯ್ತು ಹೆದರಬೇಡ ಅಂತ, ಅಂದ್ಕೊಂಡೆ. ನೀನು ಮುಷ್ಟಿ ಮುಚ್ಚಿದೆ."

ಅವನು ದೀಪವನ್ನು ನೆಲಕ್ಕಿಟ್ಟ.

"ಊಟಕ್ಕೆ ಕೂತಾಗ ಕೇಳ್ದೆ. ನೀನು ಫೋನಿಗೆ ಹೋಗೋದು ನೋಡಿ ದೇವರೇ ಅಂತ ಕೈ ಮುಗಿದೆ. ಹಿಡಿಕೆ ಇಟ್ಟಿದ್ದನ್ನೂ ಕಿಟಕಿಯಿಂದ ನೋಡಿದೆ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಅವನು ಬೆರಳುಗುರಿನಿಂದ ತಂತಿಯ ಮಡಿಕೆ ಬಿಡಿಸಿ ಎಳೆದ, ಆ ಜಾಗಕ್ಕೆ ತನ್ನ ಪಿನ್ನನ್ನು ತೂರಿಸಿದ, ಕಾಲು ಅಗಲಿಸಿ ಮಡಚಿದ. ಬಹಳ ಅಚ್ಚುಕಟ್ಟಾಗಿ ಮಡಚಿದ. ಕಾರು ಈಗ ಪೂರ್ತಿಯಾಗಿತ್ತು. ಸಂದಿಯಲ್ಲಿ ಒಂದು ಅಂಗೈ ಕಾಣಿಸಿತು, ಮೇಲ್ಮುಖವಾಗಿ, ಸಿಮೆಂಟಿನ ಮೇಲೆ. ಅವಳು ಬಗ್ಗಿದ್ದಳು, ಮುಖ ಕಾಣುವಷ್ಟಲ್ಲ. ಆ ಅಂಗೈಯಲ್ಲಿ ಹೇರ್‌ಪಿನ್ನನ್ನಿಟ್ಟ. ಬೆರಳುಗಳು ಅದನ್ನು ಮುಚ್ಚಿಕೊಂಡು ಮೇಲಕ್ಕೆ ಹೋದವು. ಅವಳು ಅದನ್ನು ನೆಟ್ಟಗೆ ಮಾಡಲು ನೋಡುತ್ತಿರುವುದು, ಆಮೇಲೆ ಕೈಯೆತ್ತಿ ಕಿವಿಯ ಮೇಲೆ ಸಿಕ್ಕಿಸಲು ನೋಡುತ್ತಿರುವುದು ಅವನಿಗೆ ಕಾಣಲಿಲ್ಲ, ತಿಳಿಯಿತು. ಹಿಮ್ಮಡಿಗಳು ಸ್ವಲ್ಪ ಮೇಲೆದ್ದವು, ಇಳಿದವು. ಮತ್ತೊಮ್ಮೆ ಎದ್ದವು.

ಹೇರ್‌ಪಿನ್ನು ಚಪ್ಪಲಿಯ ಪಕ್ಕದಲ್ಲಿ ಬಿತ್ತು. ಅವಳು ಬಗ್ಗಲಿಲ್ಲ.

"ಅಮ್ಮಾ, ಅಪ್ಪ ಎಲ್ಲಿ?" ಎಂದು ಅಡುಗೆಮನೆಯಿಂದ ಹೇಜಲ್ ಕೂಗಿದಳು. ಪಾದಗಳು ತಿರುಗಿದವು.

"ಕಾರಿನ ಕೆಳಗೆ," ಎಂದಳು ಐವಿ ಹೋಗುತ್ತ. "ನೀನು ಕೈ ತೊಳ್ಕೋ, ನಾವಿಬ್ರು ಶುರು ಮಾಡೋಣ."